ಹಸಿರು ಚೌಕ

ಪುಕ್ಕಟೆಯಾಗಿ ಬಂದದ್ದನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗದು. ನಿನ್ನೆ ಸಂಜೆ ಕ್ಯಾಮೆರಾ ಅಂಗಡಿಯವನು ತಾನಾಗಿಯೇ ಸ್ಟುಡಿಯೋಗೆ ಬಂದು, ಚೀಲದಿಂದ ಹೊಸ ಬಾಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ನಾಲ್ಕು ದಿನ ಇಟ್ಕೊಂಡು ನೋಡಿ ಸಾರ್. ಲೆನ್ಸ್ ನಿಮ್ದೇ ಸಾಕು, ಮಧ್ಯೆ ಈ ಬಳೆ ಹಾಕಿದ್ರೆ ಕೂತ್ಕೊಳ್ಳುತ್ತೆ. ಇಷ್ಟ ಆದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ನಾನೇ ಬಂದು ತಗೊಂಡು ಹೋಗ್ತೀನಿ" ಎಂದು ಹೇಳಿ, ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯದೆ ಹೊರಟುಹೋಗಿದ್ದ. ಸಹಿ ಕೇಳಲಿಲ್ಲ, ಮುಂಗಡ ಕೇಳಲಿಲ್ಲ. ಲೆನ್ಸಿನ ಮುಚ್ಚಳ ಮಾರಿದರೂ ಎರಡು ಸಲ ದುಡ್ಡು ಎಣಿಸಿಕೊಳ್ಳುವ ಮನುಷ್ಯ. ಇವನು ಮನೆಯೊಳಗೆ ಅವನಿಗೆ ಸಕ್ಕರೆಬಾಯಿ ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು. ಹೋಗುವಾಗ ಸಕ್ಕರೆಬಾಯಿ ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗೆ ನೋಡಿದ್ದ, ಇವನನ್ನಲ್ಲ, ಇವನ ಹಿಂದೆ ನಿಂತಿದ್ದ ಅಕ್ಕನನ್ನು. ಅಕ್ಕ ತಲೆಯಾಡಿಸಿದಳೋ ಇಲ್ಲವೋ, ಇವನು ತಿರುಗುವಷ್ಟರಲ್ಲಿ ಅವಳು ಲೋಟ ಎತ್ತಿಕೊಳ್ಳುತ್ತಿದ್ದಳು. ಲೋಟ ಎತ್ತಿಕೊಳ್ಳುವವರು ತಲೆ ಬಗ್ಗಿಸಲೇಬೇಕು, ಅದರಲ್ಲಿ ಏನಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೂ ಆ ತಲೆ ಆಡಿತೇ ಇಲ್ಲವೇ ಎಂಬುದೇ ಕಣ್ಣ ಮುಂದೆ ಬರುತ್ತಿತ್ತು.

ಬಾಡಿ ಎಂದರೆ ಲೆನ್ಸ್ ಕಳಚಿದ ಮೇಲೆ ಉಳಿಯುವ ಕ್ಯಾಮೆರಾ, ಬರೀ ಒಂದು ಕಪ್ಪು ಪೆಟ್ಟಿಗೆ. ಈ ಪೆಟ್ಟಿಗೆಗೆ ಹೊಸದೊಂದು ವಿದ್ಯೆ ಬರುತ್ತದಂತೆ: ಎದುರಿಗೆ ಕೂತವರ ಕಣ್ಣನ್ನು ತಾನೇ ಹುಡುಕಿ, ಅದರ ಮೇಲೆ ಒಂದು ಹಸಿರು ಚೌಕ ಕೂರಿಸಿ, ಕೂತವರು ಅಲುಗಾಡಲಿ, ತೆಗೆಯುವವನು ಅಲುಗಾಡಲಿ, ಫೋಕಸ್ಸನ್ನು ಅಲ್ಲೇ ಹಿಡಿದಿಡುತ್ತದಂತೆ. ಅವನಿಗೆ ಕೆಂಡ ಸುರಿದಂತಾದದ್ದು ಅಲ್ಲೇ. ಕಣ್ಣಿನ ಮೇಲೆ ಫೋಕಸ್ ಕೂರಿಸುವುದು ಅವನ ಮನೆತನದ ಕಸುಬು. ಲೆನ್ಸಿನ ಉಂಗುರವನ್ನು ಎರಡು ಬೆರಳಲ್ಲಿ ತಿರುವಿ, ರೆಪ್ಪೆ ದಾಟಿ, ಕಣ್ಣಿನ ಕಪ್ಪಿಗೆ ಬಂದು ನಿಲ್ಲಿಸುವುದನ್ನು ಅಪ್ಪ ಕಲಿಸಿದ್ದರು, ಬೈದು ಕಲಿಸಿದ್ದರು. 'ಅವರಲ್ಲಿ ತೆಗೆಸಿದ್ರೆ ಕಣ್ಣು ಮಾತಾಡುತ್ತೆ' ಎಂಬ ಒಂದು ಮಾತಿನ ಮೇಲೆ ಈ ಸ್ಟುಡಿಯೋ ಇಷ್ಟು ವರ್ಷ ನಿಂತಿತ್ತು. ಹೊಸ ಬಾಡಿ ಕೊಳ್ಳುವುದೆಂದರೆ ಆ ಮಾತನ್ನು ಒಂದು ಯಂತ್ರಕ್ಕೆ ಬರೆದುಕೊಟ್ಟ ಹಾಗೆ. ಆಮೇಲೆ ಅವನು ಗುಂಡಿ ಒತ್ತುವವನು, ಅಷ್ಟೆ. ಬೇಡ ಎಂದು ಹಿಂದಕ್ಕೆ ಕಳಿಸಿದರಾಯಿತು. ಆದರೆ ಹೆದರಿ ಕಳಿಸಿದ ಎಂದು ಸಕ್ಕರೆಬಾಯಿ ಊರೆಲ್ಲ ಹೇಳಿಕೊಂಡು ಬಂದರೆ? ಅಥವಾ ಸಕ್ಕರೆಬಾಯಿ ಬಯಸುತ್ತಿರುವುದೇ ಅದೋ? ಅವನು ಹೊಸ ಬಾಡಿಯ ಸುತ್ತ ಎರಡು ಸುತ್ತು ಬಂದು, ಮುಟ್ಟದೆ, ಧೂಳು ಬೀಳದಿರಲೆಂದು ಮೇಲೊಂದು ಬಟ್ಟೆ ಹೊದಿಸಿದ. ಹೊದಿಸಿದ ಮೇಲೆ ಅದು ಇನ್ನೂ ದೊಡ್ಡದಾಗಿ ಕಂಡಿತು.

ಹಳೆಯ ಬಾಡಿ ಕಪಾಟಿನಲ್ಲಿತ್ತು. ಅದರ ಬೆನ್ನಿನ ಪುಟ್ಟ ಪರದೆಗೆ ಕಪ್ಪು ಟೇಪು ಅಂಟಿಸಿತ್ತು. ನೋಡಿದವರು ಒಡೆದುಹೋಗಿದೆ ಎಂದುಕೊಳ್ಳುತ್ತಿದ್ದರು, ಒಡೆದಿರಲಿಲ್ಲ. ತೆಗೆದವನು ನೋಡಬಾರದು ಎಂಬುದು ಈ ಸ್ಟುಡಿಯೋದ ಕಟ್ಟಳೆ. ತೆಗೆದವನು ತೆಗೆದು ಕೊಡಬೇಕು, ಪ್ರಿಂಟಾಗಿ ಬಂದ ಮೇಲೆ ಗಿರಾಕಿಯ ಜೊತೆಯಲ್ಲೇ ನೋಡಬೇಕು. ಫಿಲಂ ಕಾಲದಲ್ಲಿ ಅಪ್ಪ ನೆಗೆಟಿವ್ ಕೂಡ ನೋಡುತ್ತಿರಲಿಲ್ಲ, ಕತ್ತಲಕೋಣೆಯಿಂದ ಎಲ್ಲವೂ ನೇರವಾಗಿ, ಕಲೆ ಚುಕ್ಕಿ ತಿದ್ದಿ ಪ್ರಿಂಟಿಗೆ ಸಿದ್ಧಮಾಡುವ ಅಕ್ಕನ ಮೇಜಿಗೆ ಹೋಗುತ್ತಿತ್ತು. ಕಾಲ ಬದಲಾಯಿತು, ಫಿಲಂ ಹೋಗಿ ಮೆಮೊರಿ ಕಾರ್ಡು ಬಂತು, ಕಾರ್ಡೂ ಅಕ್ಕನ ಮೇಜಿಗೇ ಹೋಗತೊಡಗಿತು. ಈ ಕಟ್ಟಳೆಯ ಬಗ್ಗೆ ಅವನಿಗೆ ಒಳಗೊಳಗೇ ಜಂಭವಿತ್ತು. ಬೇರೆ ಫೋಟೋಗ್ರಾಫರುಗಳು ಒಂದೊಂದು ಸಲ ಒತ್ತಿದಾಗಲೂ ಬೆನ್ನು ನೋಡಿಕೊಳ್ಳುವುದನ್ನು ಕಂಡರೆ, ಉಪ್ಪು ಸರಿಯಾಗಿದೆಯೇ ಎಂದು ಪದೇ ಪದೇ ನೆಕ್ಕಿ ನೋಡುವ ಅಡುಗೆಯವನ ನೆನಪಾಗುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಹಲ್ಲಿನ ಡಾಕ್ಟರಮ್ಮ ಬಂದರು. ಕ್ಲಿನಿಕ್ಕನ್ನು ದೊಡ್ಡ ಕಟ್ಟಡಕ್ಕೆ ಬದಲಿಸುತ್ತಿದ್ದರು, ಬೋರ್ಡಿಗೆ ಹೊಸ ಫೋಟೋ ಬೇಕಿತ್ತು. ಸ್ಟೂಲಿನ ಮೇಲೆ ಕೂತು, ಕಾಲರ್ ಸರಿಮಾಡಿಕೊಂಡು, ಸುಮ್ಮನಿರಲಾರದವರಂತೆ ಹೇಳಿದರು: "ಹೋದ ಸಲ ತೆಗೆದ್ರಲ್ಲ, ಅದನ್ನ ಎಲ್ಲರೂ ಚೆನ್ನಾಗಿದೆ ಅಂತಾರೆ. ನನ್ನ ಮಗಳು ಮಾತ್ರ, ಅಮ್ಮ ಇದು ನಿನ್ನ ಕಣ್ಣಲ್ಲ ಅಂತಾಳೆ."

"ಅಂದ್ರೆ?"

"ಗೊತ್ತಿಲ್ಲಪ್ಪ. ಮಕ್ಕಳು ಏನೇನೋ ಅಂತಾವೆ. ನಾನೂ ಒಂದಿನ ಫೋಟೋನ ಕನ್ನಡಿ ಪಕ್ಕ ಹಿಡ್ಕೊಂಡು ನೋಡ್ದೆ. ನಂದೇ. ಆದ್ರೆ ಸ್ವಲ್ಪ ಚಿಕ್ಕ ವಯಸ್ಸಿನ ನಾನು." ಎಂದು ನಕ್ಕರು. ನೋವಾಗುವುದಿಲ್ಲ ಎಂದು ಹೇಳುತ್ತಲೇ ಸೂಜಿ ಚುಚ್ಚಿ ಅಭ್ಯಾಸವಾದವರ ನಗು ಎಂದು ಅವನಿಗನ್ನಿಸಿತು. ಯಾಕೆ ಹೀಗೆ ಹೇಳಿದರು? ಬೆಲೆ ಇಳಿಸುವುದಕ್ಕೋ? ಇಲ್ಲ, ಈ ಹೆಂಗಸು ಒಂದು ದಿನವೂ ಚೌಕಾಸಿ ಮಾಡಿದವರಲ್ಲ. ಯಾರಾದರೂ ಹೇಳಿಕೊಟ್ಟು ಕಳಿಸಿದರೋ? ಸಕ್ಕರೆಬಾಯಿ ಹಲ್ಲು ಕೀಳಿಸಿಕೊಳ್ಳಲು ಇವರಲ್ಲಿಗೇ ಹೋಗುತ್ತಾನೆಂದು ಯಾವಾಗಲೋ ಹೇಳಿದ್ದ. ಅವನು ಹಳೆಯ ಕ್ಯಾಮೆರಾ ಎತ್ತಿಕೊಂಡು, ಉಂಗುರ ತಿರುವಿ, ರೆಪ್ಪೆ ದಾಟಿ, ಕಣ್ಣಿಗೆ ಬಂದು, ಉಸಿರು ಹಿಡಿದು ಒತ್ತಿದ. ಮತ್ತೆ ಒತ್ತಿದ. ಕೈಯಲ್ಲಿ ಏನೂ ತಪ್ಪಿರಲಿಲ್ಲ. ಆಮೇಲೆ, ಯಾಕೆಂದು ಅವನಿಗೂ ಗೊತ್ತಿಲ್ಲ, ಹೊಸ ಬಾಡಿಯ ಮೇಲಿನ ಬಟ್ಟೆ ಸರಿಸಿ, ಬಳೆ ಹಾಕಿ ಅದೇ ಲೆನ್ಸ್ ತೊಡಿಸಿ ಕಣ್ಣಿಗಿಟ್ಟುಕೊಂಡ. ಅವನು ಇನ್ನೂ ನೋಡುವ ಮೊದಲೇ ಹಸಿರು ಚೌಕ ಡಾಕ್ಟರಮ್ಮನ ಎಡಗಣ್ಣಿನ ಮೇಲೆ ಹೋಗಿ ಕೂತಿತ್ತು. ಅವರು ತಲೆ ಹೊರಳಿಸಿದರು, ಅದೂ ಹೊರಳಿತು. ತನ್ನ ಮನೆಯೊಳಗೆ ತನಗಿಂತ ಮುಂಚೆ ಬಂದು ಕೂತ ಅಪರಿಚಿತನನ್ನು ನೋಡಿದ ಹಾಗಾಯಿತು. ಒತ್ತಿದ. ಬೆನ್ನ ಮೇಲೆ ತಾನಾಗಿಯೇ ಫೋಟೋ ಮೂಡಿತು; ವಾಪಸ್ ಕೊಡಬೇಕಾದ ವಸ್ತು, ಅದಕ್ಕೆ ಯಾರೂ ಟೇಪು ಅಂಟಿಸಿರಲಿಲ್ಲ. ಅವನು ನೋಡಬಾರದಿತ್ತು, ನೋಡಿದ. ಕಣ್ಣಿನ ಕೆಳಗಿನ ಸಣ್ಣ ಸುಕ್ಕು, ಬಿಳಿಯಲ್ಲಿ ಎಳೆದ ಒಂದು ಕೆಂಪು ನರ, ರೆಪ್ಪೆಯ ಒಂದೊಂದು ಕೂದಲು. ಇದು ಖಂಡಿತ ಅವರದೇ ಕಣ್ಣು, ಈ ವಯಸ್ಸಿನದೇ. ಅವರ ಮಗಳು ಕೂಡ ಒಪ್ಪಬಹುದಾದ ಕಣ್ಣು.

ಡಾಕ್ಟರಮ್ಮ ಹೋದ ಕೂಡಲೇ ಅಕ್ಕ ಬಂದು ಕೈ ಚಾಚಿದಳು. "ಎರಡೂ ಕಾರ್ಡು ಕೊಡು." ಯಾವತ್ತೂ ಹಾಗೆಯೇ, ಗಿರಾಕಿಯ ಚಪ್ಪಲಿ ಸದ್ದು ಮೆಟ್ಟಿಲಿಳಿಯುವಷ್ಟರಲ್ಲಿ ಕಾರ್ಡು ಅವಳ ಕೈಯಲ್ಲಿರುತ್ತಿತ್ತು. ಇಷ್ಟು ದಿನ ಅದು ಚುರುಕುತನ ಎಂದುಕೊಂಡಿದ್ದ. ಇವತ್ತು ಅದೇ ಕೈ ಏನನ್ನೋ ಮುಚ್ಚಿಡಲು ಬಂದ ಕೈಯಂತೆ ಕಂಡಿತು. "ಹೊಸದು ಹೇಗಿದೆ?" ಎಂದು ಕೇಳಿದಳು, ಬೇಕೆಂದೇ ಬೇರೆ ಕಡೆ ನೋಡುತ್ತಾ. "ಹೇಗಿರುತ್ತೆ, ಪೆಟ್ಟಿಗೆ ಥರ ಇದೆ" ಎಂದ. "ಇಟ್ಕೊಂಡ್ರೆ ತಪ್ಪೇನಿಲ್ಲ ಅನ್ಸುತ್ತೆ ನಂಗೆ." ಅಷ್ಟು ಸಾಕಾಯಿತು ಅವನಿಗೆ. ಅಕ್ಕ ಯಾವತ್ತೂ ಯಂತ್ರಗಳ ಸುದ್ದಿಗೆ ಬಂದವಳಲ್ಲ, ಫ್ಯಾನು ಕೆಟ್ಟರೂ ಬೀಸಣಿಗೆ ಹಿಡಿಯುವವಳು. ಇವಳು ಮತ್ತು ಸಕ್ಕರೆಬಾಯಿ ಸೇರಿಕೊಂಡಿದ್ದಾರೆ. ಸೇರಿಕೊಂಡು ಏನು ಮಾಡುತ್ತಾರೆ? ಯಂತ್ರವೇ ಫೋಕಸ್ ಮಾಡುವುದಾದರೆ ಯಾರು ಬೇಕಾದರೂ ಒತ್ತಬಹುದು. ದಿನಗೂಲಿಗೆ ಒಬ್ಬನನ್ನಿಟ್ಟುಕೊಂಡು ಸ್ಟುಡಿಯೋವನ್ನು ಅಕ್ಕ ತಾನೇ ನಡೆಸಬಹುದು. ಅಪ್ಪ ಕ್ಯಾಮೆರಾವನ್ನು ಅವನ ಕೈಗೆ ಕೊಟ್ಟ ದಿನ ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಅವತ್ತು ಅವಳ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ಅವಳ ಸೀರೆಯ ಅಂಚು ನೆನಪಿಗೆ ಬಂತು, ಕೈಯಲ್ಲಿದ್ದ ಸಣ್ಣ ಕುಂಚ ಬಂತು, ಮುಖ ಬರಲಿಲ್ಲ. ಅವನು ಅವತ್ತು ಆ ಕಡೆ ನೋಡಿಯೇ ಇರಲಿಲ್ಲ, ಆ ನಾಚಿಕೆಯೂ ಈಗ ಸಂಶಯದ ಜೊತೆಯಲ್ಲೇ ಬಂದು ಕೂತಿತು.

ಊಟವಾದ ಮೇಲೆ ಅವನು ಒಂದು ಜೊಂಪು ನಿದ್ದೆ ಮಾಡುವುದು ರೂಢಿ. ಅಕ್ಕ ಔಷಧಿ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟಳು. ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದವನು ಬಾಗಿಲು ಹಾಕಿಕೊಂಡ ಸದ್ದಿಗೇ ಕಾದಿದ್ದವನಂತೆ ಎದ್ದ. ಸ್ವಂತ ಸ್ಟುಡಿಯೋದಲ್ಲಿ ಕಳ್ಳಹೆಜ್ಜೆ ಹಾಕುತ್ತಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಅಕ್ಕನ ಕೋಣೆಯಲ್ಲಿ ಕಂಪ್ಯೂಟರಿನ ಪರದೆ ಕಪ್ಪಾಗಿತ್ತು, ಮೌಸ್ ಅಲುಗಾಡಿಸಿದ. ಪರದೆ ತುಂಬ ಡಾಕ್ಟರಮ್ಮನ ಮುಖ ಎದ್ದು ಬಂತು, ಹಳೆಯ ಕ್ಯಾಮೆರಾದಲ್ಲಿ ಬೆಳಿಗ್ಗೆ ತೆಗೆದದ್ದು. ಕಿವಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಓಲೆಯ ತಿರುಪು ಕೂಡ ಕಾಣುತ್ತಿತ್ತು. ಕಣ್ಣುಗಳ ಮೇಲೆ ಮಂಜು ಕೂತಿತ್ತು. ಅಲ್ಲ, ಒಂದು ಕಣ್ಣಿನ ಮೇಲೆ ಮಾತ್ರ. ಇನ್ನೊಂದು ಕಣ್ಣು ಥಳಥಳ ಹೊಳೆಯುತ್ತಿತ್ತು, ಹೊಸ ಕ್ಯಾಮೆರಾದಲ್ಲಿ ತೆಗೆದ ಫೋಟೋದಿಂದ ಕತ್ತರಿಸಿ ತಂದು ಅರ್ಧ ಹೊಲಿದಿಟ್ಟ ಕಣ್ಣು. ಅವನು ಹಿಂದಿನ ಫೋಟೋ ತೆರೆದ, ಅದರ ಹಿಂದಿನದು ತೆರೆದ. ಬ್ಯಾಂಕಿನವನ ಕಿವಿ, ವಕೀಲರ ಕಿವಿ, ಅವಳಿ ಹುಡುಗಿಯರ ನಾಲ್ಕು ಕಿವಿ. ತೆಗೆದದ್ದು ಒಂದು, ಗಿರಾಕಿಗೆ ಹೋದದ್ದು ಇನ್ನೊಂದು. ಹದಿನೆಂಟರ ವಯಸ್ಸಿನಲ್ಲಿ, ಅಕ್ಕ ಊರಲ್ಲಿಲ್ಲದ ದಿನ, ಅವನು ಮೊದಲ ಸಲ ಸ್ಟ್ಯಾಂಡ್ ಕೂಡ ಇಲ್ಲದೆ ಒಬ್ಬ ಗಿರಾಕಿಯ ಫೋಟೋ ತೆಗೆದಾಗ ಅಪ್ಪ ಆ ಪ್ರಿಂಟನ್ನು ಗಿರಾಕಿಯ ಎದುರಿಗೇ ಹರಿದು, "ನನ್ನ ಮಗನಿಗೆ ಕಿವಿ ಅಂದ್ರೆ ಪ್ರಾಣ" ಎಂದಿದ್ದರು. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ದಿನ ಮೈಯೆಲ್ಲ ಏರಿದ್ದ ಬಿಸಿ ಇಷ್ಟು ವರ್ಷದ ಮೇಲೆ ಅದೇ ದಾರಿಯಲ್ಲಿ ಏರಿ ಬಂತು.

ಆಶ್ಚರ್ಯವೆಂದರೆ ಮೊದಲು ಅವನಿಗಾದದ್ದು ನಿರಾಸೆ. ಏನಾದರೂ ಮೋಸ ಸಿಗಬಹುದೆಂದು ಬಂದಿದ್ದ, ಸಿಕ್ಕಿದ್ದರೆ ಕೂಗಾಡಿ, ಮನೆ ತಲೆಕೆಳಗು ಮಾಡಿ, ಕೊನೆಗೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬಹುದಿತ್ತು. ಇದನ್ನು ಹೇಗೆ ಕ್ಷಮಿಸುವುದು? ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದನಲ್ಲ, ಆ ತಲೆಯ ಕೆಳಗೆ ಯಾರೋ ಇಷ್ಟು ದಿನ ಕೈ ಕೊಟ್ಟು ಹಿಡಿದಿದ್ದರು. ಬಾಗಿಲ ಸದ್ದಾಯಿತು. ಅವನು ಏಳಲಿಲ್ಲ. ಅಕ್ಕ ಕೋಣೆಯ ಹೊಸಿಲಲ್ಲಿ ನಿಂತು, ಅವನನ್ನೂ ಪರದೆಯನ್ನೂ ನೋಡಿ, ಕೈಚೀಲವನ್ನು ನಿಧಾನವಾಗಿ ಕೆಳಗಿಟ್ಟಳು.

"ನಿದ್ದೆ ಬರಲಿಲ್ವಾ?"

"ಯಾವಾಗಿಂದ ಇದು?"

ಅವಳು ಬಂದು ಕಂಪ್ಯೂಟರಿನ ಪರದೆ ಆರಿಸಿದಳು. ಅವನು ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದನ್ನೇ ಉಗುಳಿದ: "ಆ ಸಕ್ಕರೆಬಾಯಿ ನಿಂಗೆಷ್ಟು ಕಮಿಷನ್ ಕೊಡ್ತಾನೆ?"

ಅಕ್ಕ ನಕ್ಕುಬಿಟ್ಟಳು. ಸಿಟ್ಟಿಲ್ಲದ, ಸುಸ್ತಾದ ನಗು. "ನಾನೇ ಅವ್ನಿಗೆ ಫೋನ್ ಮಾಡಿದ್ದು. ತಾನಾಗೇ ಬಂದ ಹಾಗೆ ಬಾ, ನನ್ನ ಹೆಸರು ಹೇಳ್ಬೇಡ ಅಂದಿದ್ದೆ. ಮುಂಗಡ ನಾನೇ ಕೊಟ್ಟಿದೀನಿ. ಹಳೇ ಬಾಡಿನೂ ಒಂದಿನ ಅವ್ನತ್ರ ತೋರಿಸ್ದೆ, ನೀನು ಮದುವೆ ಊಟಕ್ಕೆ ಹೋಗಿದ್ದಾಗ. ಅದ್ರಲ್ಲಿ ಏನೂ ತೊಂದ್ರೆ ಇಲ್ವಂತೆ."

"ಹಾಗಾದ್ರೆ ತೊಂದ್ರೆ ನಂದು."

"ನಿನ್ನ ಕಣ್ಣಿಗೇನಾಗಿಲ್ಲ ಕಣೋ. ನೀನು ಫೋಕಸ್ ಸರಿಯಾಗೇ ಮಾಡ್ತೀಯ. ಮಾಡಿ, ಒತ್ತೋ ಹೊತ್ತಿಗೆ ಒಂಚೂರು ಮುಂದಕ್ಕೆ ಬಾಗ್ತೀಯ. ಇಷ್ಟೇ." ಹೆಬ್ಬೆರಳು ತೋರುಬೆರಳ ನಡುವೆ ಸಣ್ಣ ಸಂದು ಮಾಡಿ ತೋರಿಸಿದಳು. "ನೀನು ಮುಂದಕ್ಕೆ ಹೋದ್ರೆ ಫೋಕಸ್ಸೂ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತೆ. ಕಿವಿಗೆ. ಸ್ಟ್ಯಾಂಡ್ ಇದ್ದಾಗ ಗೊತ್ತಾಗ್ತಿರಲಿಲ್ಲ. ಸ್ಟ್ಯಾಂಡ್ ಹಾಕಿದ್ರೆ ಕೂತವರ ಮುಖ ಬಿಗಿಯುತ್ತೆ ಅಂತ ನೀನು ಕೈಯಲ್ಲೇ ತೆಗೆಯೋಕೆ ಶುರು ಮಾಡ್ದೆ. ಜನಾನೂ ಹಿಂದಿರೋದೆಲ್ಲ ಮಸುಕಾಗಿರ್ಲಿ ಅಂತ ಕೇಳೋಕೆ ಶುರು ಮಾಡಿದ್ರು. ಹಾಗೆ ತೆಗೆದ್ರೆ ಫೋಕಸ್ ಕೂದಲಷ್ಟು ತಪ್ಪಿದ್ರೂ ಕಾಣುತ್ತೆ. ಆಗ ಎಲ್ಲ ಹೊರಗೆ ಬಂತು."

"ಬಾಗ್ಬೇಡ ಅಂತ ಹೇಳ್ಬಹುದಿತ್ತಲ್ಲ."

"ಅಪ್ಪಂಗೆ ಒಂದ್ಸಲ ಹೇಳಿದ್ದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹೊರಗಿನ ಕೋಣೆಯ ಕಡೆ ತಿರುಗಿದ. ಹೊರಗಿನ ಕೋಣೆಯ ಗೋಡೆಯ ತುಂಬ ಅಪ್ಪ ತೆಗೆದ ಮುಖಗಳಿದ್ದವು, ಅವುಗಳ ಕಣ್ಣಿನ ಕೆಳಗೆ ಅವನು ಬೆಳೆದಿದ್ದ, ಅವುಗಳಿಗೆ ಹೋಲಿಸಿಕೊಂಡು ಒಂದೊಂದು ರಾತ್ರಿಯೂ ತನ್ನನ್ನು ತಾನು ತೂಗಿ ಕಡಿಮೆಯೆಂದುಕೊಂಡಿದ್ದ. "ಅಪ್ಪಂದೂ?" ಎಂದ. ಅಕ್ಕ ಹೂಂಗುಟ್ಟಿದಳು. ಅಪ್ಪ ಕೈಯಲ್ಲಿ ಹಿಡಿದು ತೆಗೆಯತೊಡಗಿದ ಮೇಲಿನವು ಎಲ್ಲವೂ. ನೆಗೆಟಿವ್ ಮೇಲೆ ಪೆನ್ಸಿಲ್ ಮೊನೆಯಿಂದ, ಬ್ಲೇಡಿನ ತುದಿಯಿಂದ, ಮಂಜುಗಾಜಿನ ಮೇಲೆ ಬಗ್ಗಿ, ರೆಪ್ಪೆ ಕೆರೆದು, ಕಪ್ಪು ಬಿಡಿಸಿ, ಹೊಳಪಿನ ಚುಕ್ಕಿ ಇಟ್ಟು ಅವಳೇ ಕಣ್ಣು ಮಾಡಿದ್ದಳು. ಒಂದು ಸಲ ಹೇಳಿದ್ದಕ್ಕೆ ಅಪ್ಪ ಮೂರು ವಾರ ಕ್ಯಾಮೆರಾ ಮುಟ್ಟದೆ, ಅನ್ನ ಸರಿಯಾಗಿ ತಿನ್ನದೆ ಗೋಡೆ ನೋಡಿಕೊಂಡು ಕೂತಿದ್ದರಂತೆ. ಆಮೇಲೆ ಅವಳು, ನಾನೇ ತಪ್ಪು ನೋಡಿದೆ, ಫೋಕಸ್ ಕಣ್ಣಿನ ಮೇಲೇ ಕೂತಿದೆ ಎಂದು ಸುಳ್ಳು ಹೇಳಿದಳಂತೆ. ಅಪ್ಪ ಎದ್ದು ಮುಖ ತೊಳೆದರಂತೆ. ತೆಗೆದವನು ನೋಡಬಾರದು ಎಂಬ ಕಟ್ಟಳೆಯನ್ನು ಅವಳೇ ಹುಟ್ಟಿಸಿ, ದೊಡ್ಡ ಫೋಟೋಗ್ರಾಫರುಗಳೆಲ್ಲ ಹಾಗೇ ಮಾಡುತ್ತಾರಂತೆ ಎಂದು ಅಪ್ಪನ ಕಿವಿಗೆ ಹಾಕಿ, ಅಪ್ಪನ ಬಾಯಿಂದಲೇ ಅವನಿಗೆ ಹೇಳಿಸಿದ್ದಳು.

"ಈಗ ಯಾಕೆ ಫೋನ್ ಮಾಡ್ದೆ ಅವ್ನಿಗೆ?" ಎಂದು ಅವನು ಕೇಳಿದ.

"ನನ್ನ ಕೈಲಿ ಆಗ್ತಿಲ್ಲ ಕಣೋ ಇನ್ನು. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತೆ, ನೀರು ಸುರಿಯುತ್ತೆ. ಡಾಕ್ಟರಮ್ಮನ ಹೋದ ಸಲದ ಫೋಟೋಗೆ ಹೊಸ ಕಣ್ಣು ಬರೆಯೋಕಾಗದೆ ಹಳೇ ಫೋಟೋದ್ದೇ ತಂದು ಹಾಕ್ದೆ. ಆ ಮಗು ಕಂಡುಹಿಡೀತು ನೋಡು." ಚೀಲದಿಂದ ಕಣ್ಣಿಗೆ ಹಾಕುವ ಔಷಧಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಇದು ಇವತ್ತಿನ ಕೆಂಪಲ್ಲ, ಬಹಳ ದಿನಗಳದ್ದು; ಜೀವಮಾನವಿಡೀ ಬೇರೆಯವರ ಕಣ್ಣು ಹುಡುಕಿದವನಿಗೆ ಎದುರಿಗಿದ್ದ ಇದು ಕಂಡಿರಲಿಲ್ಲ. ಅವನಿಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ತಿಳಿಯದೆ ಎದ್ದು ನಿಂತ.

"ಬಾ, ಕೂತ್ಕೋ" ಎಂದ.

"ಎಲ್ಲಿ?"

"ಸ್ಟೂಲ್ ಮೇಲೆ. ಹಳೇದ್ರಲ್ಲೇ ತೆಗೀತೀನಿ. ಬಾಗ್ದೆ ತೆಗೀತೀನಿ. ಸರಿಯಾಗಿ ಬಂದ್ರೆ ಆಯ್ತು, ಈ ಹೊಸ ಪೀಡೆ ವಾಪಸ್ ಹೋಗ್ಲಿ. ನೀನು ನೋಡಿ ನಿಜ ಹೇಳು."

"ಕೂದ್ಲು ಕೂಡ ಬಾಚಿಲ್ಲ, ಈಗ್ಯಾಕೋ" ಎನ್ನುತ್ತಲೇ ಬಂದು ಕೂತಳು. ಅವಳು ಆ ಸ್ಟೂಲಿನ ಮೇಲೆ ಕೂತದ್ದನ್ನು ಅವನು ನೋಡಿರಲೇ ಇಲ್ಲ. ಅಪ್ಪನೂ ಅವಳನ್ನು ತೆಗೆದಿರಲಿಲ್ಲ, ಅವನೂ ತೆಗೆದಿರಲಿಲ್ಲ. ಎರಡು ತಲೆಮಾರಿನ ಫೋಟೋಗ್ರಾಫರುಗಳ ಮನೆಯಲ್ಲಿ ಅವಳದೆಂದು ಇದ್ದದ್ದು ಬಸ್ ಪಾಸಿನ ಫೋಟೋ ಒಂದೇ. ಲೆನ್ಸೂ ಕಾರ್ಡೂ ಮತ್ತೆ ಹಳೆಯ ಬಾಡಿಗೆ ಹಾಕಿದ. ಅದರ ಬೆನ್ನಿನ ಟೇಪನ್ನು ಅವಳೇ ಉಗುರಿನಿಂದ ಎಬ್ಬಿಸಿ ಕಿತ್ತು, ಅವನ ಕೈಗೆ ಕೊಟ್ಟಳು. ಅವನು ಗೋಡೆಗೆ ಬೆನ್ನು ಒತ್ತಿ, ಹಿಮ್ಮಡಿ ನೆಲಕ್ಕೆ ಊರಿ, ಉಂಗುರ ತಿರುವಿದ. ರೆಪ್ಪೆ ದಾಟಿತು, ಕಣ್ಣು ಬಂತು. ಒತ್ತಿದ. ನೋಡದೆ ಅವಳಿಗೆ ಚಾಚಿದ.

ಅಕ್ಕ ದೊಡ್ಡದು ಮಾಡಿ ನೋಡಿದಳು. "ಇಲ್ಲ. ಗೋಡೆ ಬಿಟ್ಟು ಬಂದೆ ನೀನು."

ಆ ಇಲ್ಲ ಎಂಬ ಮಾತು ಅವನಿಗೆ ತಣ್ಣೀರು ಕುಡಿದಷ್ಟು ಹಿತವಾಯಿತು. ಬೆಳಿಗ್ಗೆಯಿಂದ ಕೇಳಿದ ಮಾತುಗಳಲ್ಲಿ ಅವನು ಒಂದೇ ಏಟಿಗೆ ನಂಬಿದ್ದು ಅದೊಂದನ್ನೇ. ಮತ್ತೆ ತೆಗೆದ. "ಇಲ್ಲ." ಈ ಸಲ ಸೊಂಟಕ್ಕೆ ಅವಳ ಶಾಲು ಸುತ್ತಿ ಕಿಟಕಿಯ ಸರಳಿಗೆ ಕಟ್ಟಿಕೊಂಡ. "ಇಲ್ಲ ಕಣೋ, ಕಟ್ಟಿ ಹಾಕಿದ್ರೂ ಬರ್ತೀಯಲ್ಲೋ" ಎಂದು ಅಕ್ಕ ನಕ್ಕಳು, ಅವನೂ ನಕ್ಕ. ಯಾಕೆ ಬಾಗುತ್ತೇನೆ? ಎದುರಿಗಿದ್ದವರು ಕೊನೆಯ ಗಳಿಗೆಯಲ್ಲಿ ಏನೋ ಮುಚ್ಚಿಟ್ಟುಕೊಳ್ಳುತ್ತಾರೆಂದು ಅನ್ನಿಸಿ ಹತ್ತಿರ ಹೋಗುತ್ತೇನೋ, ಅಥವಾ ಸುಮ್ಮನೆ ಹತ್ತಿರ ಹೋಗಬೇಕೆನ್ನಿಸಿಯೋ? ಅಪ್ಪನಿಗೆ ಹೇಗನ್ನಿಸುತ್ತಿತ್ತೋ. ಕಿಟಕಿಯ ಬೆಳಕು ಹಳದಿಯಾಗುತ್ತ ಬಂತು. ಅಕ್ಕ ಆಗಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೂ ಸಾಕು ಎನ್ನಲಿಲ್ಲ. ಅವನು ಮತ್ತೊಂದು ತೆಗೆದು, ಕ್ಯಾಮೆರಾ ಚಾಚಿದ.

ಅವಳು ನೋಡಿದಳು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

"ಬಂತು" ಎಂದಳು. "ಈ ಸಲ ಬಂತು ಕಣೋ."

ಅವನು ಶಾಲು ಬಿಚ್ಚಿಕೊಂಡು ಹತ್ತಿರ ಹೋಗಿ ಕ್ಯಾಮೆರಾ ತೆಗೆದುಕೊಂಡ. ದೊಡ್ಡದು ಮಾಡಿದ. ಕಿವಿಯ ಪಕ್ಕದ ನರೆಕೂದಲು ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿತ್ತು, ಓಲೆಯಿಲ್ಲದ ತೂತು ಕಾಣುತ್ತಿತ್ತು. ಕಣ್ಣಿರಬೇಕಾದಲ್ಲಿ ಎರಡು ಮಸುಕು ನೆರಳುಗಳಿದ್ದವು. ಅವನು ತಲೆಯೆತ್ತಲಿಲ್ಲ. ಎತ್ತದೆಯೂ ಅವನಿಗೆ ಗೊತ್ತಿತ್ತು, ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಜೀವಮಾನವಿಡೀ ಬೇರೆಯವರ ಮುಖ ನೋಡಿದ ಹಾಗೆ, ಎಲ್ಲಿ ಏನು ಒಡೆಯುತ್ತದೋ ಎಂದು, ಉಸಿರು ಬಿಗಿಹಿಡಿದು.

"ಹೂಂ" ಎಂದ. "ಬಂದಿದೆ. ಚೆನ್ನಾಗಿ ಬಂದಿದೆ ಅಕ್ಕ."

ಅವಳ ಭುಜ ಇಳಿಯಿತು. ನಂಬಿದಳೋ, ನಂಬಿದ ಹಾಗೆ ಮಾಡಿದಳೋ ಎಂಬ ಪ್ರಶ್ನೆ ಅವನೊಳಗೆ ರೂಢಿಯಂತೆ ತಲೆಯೆತ್ತಿತು. ಅವನು ಅದರ ಹಿಂದೆ ಹೋಗಲಿಲ್ಲ. ಅಕ್ಕ ಚಹಾ ಮಾಡುತ್ತೇನೆಂದು ಒಳಗೆ ಹೋದಳು. ಪಾತ್ರೆಗೆ ನೀರು ಬೀಳುವ ಸದ್ದು ಕೇಳಿದ ಮೇಲೆ ಅವನು ಫೋನೆತ್ತಿಕೊಂಡು ಬಾಗಿಲ ಹೊರಗೆ ಹೋಗಿ, ದನಿ ತಗ್ಗಿಸಿ, ಬಾಡಿ ಇಟ್ಟುಕೊಳ್ಳುತ್ತೇನೆಂದು ಅಂಗಡಿಯವನಿಗೆ ಹೇಳಿದ.

"ಸಂತೋಷ ಸಾರ್. ಹಳೇದಕ್ಕೆ ಏನಾಯ್ತು?"

"ಅದಕ್ಕೇನೂ ಆಗಿಲ್ಲ. ಅಕ್ಕನ ಫೋಟೋ ತೆಗೀಬೇಕು."